ಮುಂದಿನ ಕಾರಿನ ಹಿಂದೆ

ರಷ್ಯನ್ನರು ಗಡಿ ದಾಟಿದರೆ ಜರ್ಮನಿಯಲ್ಲಿರುವ ನಮ್ಮ ಅಮೆರಿಕನ್ ಸೈನಿಕರ ಹೆಂಡತಿ ಮಕ್ಕಳನ್ನು ಫ್ರಾನ್ಸಿಗೆ ಸಾಗಿಸುವುದು ಹೇಗೆಂದು ಕ್ಯಾಪ್ಟನ್ ಹ್ಯಾಸ್ಕಿನ್ಸ್ ಯೋಜನೆ ಹಾಕಿದ್ದ. ಕಾರಿನ ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು. ಡಿಕ್ಕಿಯಲ್ಲಿ ಸದಾ ಕಂಬಳಿ, ಡಬ್ಬಿ ಊಟ, ನಾಯಿಯ ತಿಂಡಿ ಇರಬೇಕು. ಹೊರಟ ಮೇಲೆ ಪ್ರಶ್ನೆ ಕೇಳುವಂತಿಲ್ಲ, ಮುಂದಿನ ಕಾರನ್ನು ಹಿಂಬಾಲಿಸಬೇಕು ಅಷ್ಟೆ. ನಮ್ಮ ಕಟ್ಟಡದವರಿಗೆಲ್ಲ ಮುಂದಿನ ಕಾರು ನನ್ನದು. ಆಗಾಗ ಇದರ ತಾಲೀಮು ನಡೆಯುತ್ತಿತ್ತು; ನನಗೋ ಈ ತಾಲೀಮೆಂದರೆ ಮೈಯುರಿ.

ಆ ಸಲದ ತಾಲೀಮು ಶುಕ್ರವಾರ ಬಿತ್ತು. ಪ್ರತಿ ಶುಕ್ರವಾರ ನಾನು ಬೇಕರಿಗೆ ಹೋಗುವವಳು. ಎಲ್ಲರೂ ಸೇರಬೇಕಿದ್ದ ಮೈದಾನದ ಕಡೆ ಹೋಗುವ ಬದಲು, ಕೈ ತನ್ನಷ್ಟಕ್ಕೆ ಬೇಕರಿಯ ಕಡೆ ಸ್ಟಿಯರಿಂಗ್ ತಿರುಗಿಸಿಬಿಟ್ಟಿತು. ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರೆ, ಕಟ್ಟಡದ ಕಾರುಗಳೆಲ್ಲ ಬೇಕರಿಯ ಮುಂದೆ ಶಿಸ್ತಾಗಿ ಸಾಲು ನಿಂತಿವೆ.

"ಏನೇ ವರ್ನಾ, ಫ್ರಾನ್ಸು ಇಷ್ಟು ಹತ್ರಾನಾ?" ಎಂದಳು ಕ್ಯಾಪ್ಟನ್ನನ ಹೆಂಡತಿ ರೋಸಲಿ.

"ಬಾಯ್ಮುಚ್ಕೊಂಡು ಇಳಿಯೇ. ಬಂದಿದ್ದು ಬಂದಾಯ್ತು, ಕೇಕ್ ತಗೊಂಡೇ ಹೋಗೋಣ" ಎಂದೆ.

ಮೈದಾನದಲ್ಲಿ ಕಾದು ಕಾದು ಕೆಂಪಾಗಿದ್ದ ಕ್ಯಾಪ್ಟನ್, ನಮ್ಮ ಕೈಯಲ್ಲಿದ್ದ ಪೊಟ್ಟಣಗಳನ್ನು ನೋಡಿ ಸಿಡುಕಿದ. "ಯುದ್ಧ ಬಂದ್ರೂ ಕೇಕ್ ಕಟ್ಟಿಸ್ಕೊಂಡೇ ಹೊರಡ್ತೀರೇನ್ರಮ್ಮಾ?"

ರೋಸಲಿ ಪೊಟ್ಟಣವನ್ನು ಅವನ ಕೈಗಿಟ್ಟಳು. "ಇದು ನಮಗಲ್ಲ, ನಿಮಗೆಲ್ಲ. ನಿನ್ನ ಪ್ಲಾನಲ್ಲಿ ನಾಯಿಗೂ ತಿಂಡಿ ಇದೆ. ಇಲ್ಲೇ ಉಳ್ಕೊಳ್ಳೋ ಗಂಡಂದಿರು ಏನು ತಿಂತಾರೆ ಅಂತ ಎಲ್ಲೂ ಬರ್ದಿಲ್ವಲ್ಲ."

ಕ್ಯಾಪ್ಟನ್ ಅಲ್ಲೇ ಪೊಟ್ಟಣ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡ.

"ಮುಂದಿನ ಸಲಾನೂ ಶುಕ್ರವಾರಾನೇ ಇಡ್ತೀನಿ" ಎಂದ.