ತೂಗುಗುಂಡಿನ ದಾರ

ಮೇಸ್ತ್ರಿಗೆ ತನ್ನ ಕಣ್ಣಿನ ಬಗ್ಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಉಳಿದ ಗಾರೆಯವರು ದಾರಕ್ಕೆ ಕಟ್ಟಿದ ತೂಗುಗುಂಡನ್ನು ಗೋಡೆಗೆ ಇಳಿಬಿಟ್ಟು ನೋಡಿದರೆ, ಇವನು ಎಡಗಣ್ಣು ಮುಚ್ಚಿ ಬಲಗಣ್ಣಲ್ಲೇ ನೆಟ್ಟಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಆ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಅದೇ ಮುಳುವಾಯಿತು.

ಅವತ್ತು ಜೊತೆಗೆ ಕೆಲಸ ಮಾಡುತ್ತಿದ್ದ ಭಾವಮೈದುನ, ಹೆಂಡತಿಯ ತಮ್ಮ, ಎದೆಮಟ್ಟಕ್ಕೆ ಎಬ್ಬಿಸಿದ್ದ ಗೋಡೆ ನೋಡಿ ಮೇಸ್ತ್ರಿ ಮುಖ ಗಂಟಿಕ್ಕಿದ.

“ನಡುವೆ ಹೊಟ್ಟೆ ಬಿಟ್ಟಿದೆಯಲ್ಲೋ. ಕಣ್ಣು ಮನೇಲಿ ಬಿಟ್ಟು ಬಂದ್ಯಾ?”

“ನೆಟ್ಟಗಿದೆ ಭಾವ. ಗುಂಡು ಬಿಟ್ಟೇ ಕಟ್ಟಿದೀನಿ.”

“ಕೆಡವು ಅಂದ್ರೆ ಕೆಡವು.”

ಆಳುಗಳು ಕಿಸಕ್ಕೆಂದರು. ಭಾವಮೈದುನ ವರಸೆ ವರಸೆಯಾಗಿ ಇಟ್ಟಿಗೆ ಇಳಿಸಿದ, ಕೈ ಕೊಡವಿಕೊಂಡು ಹೊರಟುಹೋದ. ಹನ್ನೆರಡು ವರ್ಷ ಹೆಗಲಿಗೆ ಹೆಗಲು ಕೊಟ್ಟವನು ಮರುದಿನ ಕೆಲಸಕ್ಕೆ ಬರಲಿಲ್ಲ.

ಆ ಗೋಡೆಯನ್ನು ಮೇಸ್ತ್ರಿ ತಾನೇ ಕಟ್ಟಿದ. ಸಂಜೆ ದೂರ ನಿಂತು ನೋಡಿದರೆ ಅದೇ ಜಾಗದಲ್ಲಿ ಅದೇ ಹೊಟ್ಟೆ. ಚೀಲದ ತಳದಿಂದ ಗುಂಡು ತೆಗೆದು ಇಳಿಬಿಟ್ಟ. ಗುಂಡು ಅಲ್ಲಾಡದೆ ನಿಂತಿತು, ದಾರ ಮಾತ್ರ ನಡುವೆ ಡೊಂಕಾಗಿತ್ತು. ಗುಂಡು ತೂಗುತ್ತಿರುವಾಗ ದಾರ ಡೊಂಕಾಗುವುದು ಎಲ್ಲಾದರೂ ಉಂಟೇ? ಬಲಗಣ್ಣು ಮುಚ್ಚಿದ: ನೆಟ್ಟಗಿತ್ತು. ತೆರೆದು ಎಡಗಣ್ಣು ಮುಚ್ಚಿದ: ಮತ್ತೆ ಡೊಂಕು.

ಆಗಲೇ ಹೋಗಬೇಕಿತ್ತು. ಕಣ್ಣಾಸ್ಪತ್ರೆ ಬಸ್ಸಿನಲ್ಲಿ ಮೂರೇ ಸ್ಟಾಪು. ಆದರೆ ಹೋದರೆ ಹೆಂಡತಿಗೆ ಗೊತ್ತಾಗುತ್ತದೆ, ಅವಳಿಂದ ತಮ್ಮನಿಗೆ, ಆ ಗೋಡೆ ನೆಟ್ಟಗೇ ಇತ್ತೆಂದು ಎಲ್ಲರಿಗೆ. ಆಳುಗಳ ಮುಂದೆ ತಾನೇ ಯಾರ ಮಾನ ಕಳೆದಿದ್ದನೋ ಅವನೆದುರು ತಲೆ ತಗ್ಗಿಸುವುದು ಆಗದ ಮಾತು. ಸಿಮೆಂಟಿನ ಧೂಳು ಬಿದ್ದಿರಬೇಕು, ಕನ್ನಡಕ ಹಾಕಿದರಾಯಿತು ಎಂದುಕೊಂಡ. ಒಂದು ಗೋಡೆಯನ್ನೂ ಡೊಂಕು ಕಟ್ಟದ ಮನುಷ್ಯ ತನಗೆ ತಾನೇ ಇಷ್ಟು ಸುಳ್ಳು ಹೇಳಿಕೊಂಡು, ಕದ್ದುಮುಚ್ಚಿ ಎಡಗಣ್ಣಲ್ಲೇ ದಿನ ದೂಡಿದ.

ಒಂದು ಬೆಳಿಗ್ಗೆ ಎಡಗಣ್ಣು ಮುಚ್ಚಿ ನೋಡಿದಾಗ ಎದುರಿಗಿದ್ದ ಹೆಂಡತಿಗೆ ಮುಖವೇ ಇರಲಿಲ್ಲ. ಕೂದಲಿತ್ತು, ಕಿವಿಯಿತ್ತು, ನಡುವೆ ಮಸಿ. ಅವನು ಕೈಚಾಚಿ ಅವಳ ಮುಖ ಮುಟ್ಟಿ ನೋಡಿದ. ಅವಳು ಗದರಿಸಿ ಬಾಯಿ ಬಿಡಿಸಿದಳು, ತಮ್ಮನಿಗೆ ಹೇಳಿಕಳಿಸಿದಳು. ಅವನು ಒಂದು ಮಾತೂ ಕೇಳದೆ ಬಂದು ಭಾವನನ್ನು ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರಮ್ಮ ಚೌಕುಳಿ ಗೆರೆಯ ಹಾಳೆ ಹಿಡಿದರು. “ಒಂದೊಂದೇ ಕಣ್ಣಲ್ಲಿ ನೋಡಿ. ಬಲಗಣ್ಣಿಗೆ ಏನು ಕಾಣತ್ತೆ?”

“ಯಾರೋ ಕೈಲಾಗದವನು ಟೈಲ್ಸ್ ಹಾಕಿದಾನೆ. ನಡುವಿನವು ಇಲ್ಲವೇ ಇಲ್ಲ.”

“ಯಾವತ್ತಿಂದ ಹೀಗೆ?”

“ಎರಡು ದಿನ ಆಯ್ತು.”

“ನಿಜ ಹೇಳಿ. ಚಿಕಿತ್ಸೆ ಅದರ ಮೇಲೇ ನಿಂತಿದೆ.”

ಭಾವಮೈದುನ ಕುರ್ಚಿಯ ಹಿಂದೆಯೇ ನಿಂತಿದ್ದ. ಮೇಸ್ತ್ರಿ ಅತ್ತ ಬೆರಳು ತೋರಿಸಿದ. “ಇವನ ಗೋಡೆ ಕೆಡವಿಸಿದ ದಿನದಿಂದ.”

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಹಿಂದಿನಿಂದ ಸಣ್ಣ ದನಿ ಬಂತು. “ಆರು ವಾರ ಆಯ್ತು, ಡಾಕ್ಟ್ರೇ.”

ತಪಾಸಣೆ ಮುಗಿಸಿ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. “ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರಿ ಕಲೆ ಕಟ್ಟಿದೆ. ಡೊಂಕು ಕಂಡ ದಿನವೇ ಬಂದಿದ್ರೆ ಇಂಜೆಕ್ಷನ್ ಕೊಟ್ಟು ಉಳಿಸೋಕೆ ನೋಡಬಹುದಿತ್ತು. ಇನ್ನು ಹೋದ ನೋಟ ಬರಲ್ಲ. ಎಡಗಣ್ಣಿಗೂ ಹೀಗಾಗಬಹುದು. ದಿನಾ ಬಲಗಣ್ಣು ಮುಚ್ಚಿ ಒಂದು ನೇರ ಗೆರೆ ನೋಡಿ ಪರೀಕ್ಷೆ ಮಾಡ್ಕೊಳ್ಳಿ, ಸ್ವಲ್ಪ ವ್ಯತ್ಯಾಸ ಕಂಡರೂ ಅವತ್ತೇ ಬನ್ನಿ.”

ಅಂದೇ ಭಾವಮೈದುನ ಮೇಸ್ತ್ರಿಯ ಮನೆ ಬಾಗಿಲಿನ ಚೌಕಟ್ಟಿಗೆ ತೂಗುಗುಂಡು ಕಟ್ಟಿದ. ಕೆಲಸಕ್ಕೆ ಹೋಗುವ ಮುಂಚೆ ಬಂದು ನಿಲ್ಲುವನು. “ನೆಟ್ಟಗಿದೆಯಾ ಭಾವ?” ಮೇಸ್ತ್ರಿ ಬಲಗಣ್ಣು ಮುಚ್ಚಿ ನೋಡಿ, “ನೆಟ್ಟಗಿದೆ” ಎನ್ನುವನು. ನಾಲ್ಕು ತಿಂಗಳು ಹೀಗೇ ನಡೆಯಿತು.

ಆಮೇಲೊಂದು ಬೆಳಿಗ್ಗೆ ದಾರ ನಡುವೆ ಕೂದಲೆಳೆಯಷ್ಟು ಬಾಗಿತ್ತು. ಮೇಸ್ತ್ರಿ ಕಣ್ಣುಜ್ಜಿ ಮತ್ತೆ ನೋಡಿದ. ಗಾಳಿ ಎಂದುಬಿಡಬಹುದಿತ್ತು. ಗಾಳಿ ಇರಲಿಲ್ಲ.

“ನೆಟ್ಟಗಿದೆಯಾ ಭಾವ?”

“ಇಲ್ಲ ಕಣೋ,” ಎಂದು ಅವನ ಹೆಗಲಿಗೆ ಕೈ ಹಾಕಿದ. “ನಡಿ, ಈಗಲೇ ಹೋಗೋಣ.”