ಐದನೇ ವಾರ್ಡಿನ ಸೊನ್ನೆ

ಐದನೇ ವಾರ್ಡಿನಲ್ಲಿ ಒಂಬತ್ತು ವಾರದಿಂದ ಒಬ್ಬರಿಗೂ ಹೊಟ್ಟೆ ಕೆಟ್ಟಿರಲಿಲ್ಲ. ಕಲ್ಲು ತಿಂದರೂ ಅರಗುತ್ತಿತ್ತು. ಅಲ್ಲಿನ ನೊಣಗಳು ಕೂಡ ಕಾಲು ತೊಳೆದುಕೊಂಡೇ ಮನೆಯೊಳಗೆ ಬರುತ್ತಿದ್ದವು. ನಂಬದವರು ಪಟ್ಟಣದ ಆರೋಗ್ಯ ಕಚೇರಿಯ ಮುಂದಿನ ಕರಿಹಲಗೆ ನೋಡಿಕೊಳ್ಳಬಹುದಿತ್ತು. ಪ್ರತಿ ಸೋಮವಾರ ಅದರ ಮೇಲೆ ಆರು ವಾರ್ಡುಗಳ ವಾಂತಿಭೇದಿಯ ಲೆಕ್ಕ ಬರೆಯುತ್ತಿದ್ದವನು ಅಲ್ಲಿನ ಗುಮಾಸ್ತ. ಐದನೆಯದರ ಎದುರು ತಾನು ಬರೆದ ಸೊನ್ನೆ ಎಷ್ಟು ದುಂಡಗಿದೆಯೆಂದರೆ, ಅದನ್ನು ನೋಡಿಯೇ ಚಂದ್ರ ನಾಚಿ ಹದಿನೈದು ದಿನ ಸವೆಯುತ್ತಾನೆ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ಈ ಸೋಮವಾರ ಹಲಗೆಯ ಮುಂದೆ ಅವನ ಅಕ್ಕ ಬಂದು ನಿಂತಳು. ಮೂರು ವರ್ಷದ ಮಗಳನ್ನು ಐದನೇ ವಾರ್ಡಿನ ಶಿಶುವಿಹಾರಕ್ಕೆ ಈಗಷ್ಟೇ ಸೇರಿಸಿ ಬಂದಿದ್ದಳು. ತಾನಿರುವ ವಾರ್ಡಿನ ಎದುರು ಹನ್ನೆರಡು ಎಂದಿದ್ದದ್ದಕ್ಕೆ ಹೆದರಿ ಇಷ್ಟು ದೂರದ್ದನ್ನು ಆರಿಸಿದ್ದಳು.

"ಅಲ್ಲಿ ನಲ್ಲಿ ನೀರನ್ನೇ ಕೊಡ್ತಾರಂತೆ. ನೀನು ಬರೆದಿದ್ದೀಯಲ್ಲ ಅಂತ ಧೈರ್ಯ ಮಾಡಿದೆ ಕಣೋ," ಎಂದಳು.

ಗುಮಾಸ್ತ ಹಲಗೆಯ ಕಡೆ ತಿರುಗಿ ನೋಡಿದ. ಐದನೇ ವಾರ್ಡಿನ ಮನೆಮನೆ ಸುತ್ತಿ ಲೆಕ್ಕ ತರುತ್ತಿದ್ದ ನರ್ಸಮ್ಮ ಹೆರಿಗೆ ರಜೆಗೆ ಹೋಗಿ ಒಂಬತ್ತು ವಾರವಾಗಿತ್ತು. ಬದಲಿಗೆ ಯಾರೂ ಬಂದಿರಲಿಲ್ಲ. ಲೆಕ್ಕ ತುಂಬುವ ಚೌಕ ಖಾಲಿ ಬಿಟ್ಟರೆ ಕಂಪ್ಯೂಟರು ವರದಿಯನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ಸೊನ್ನೆ ಒತ್ತಿದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಹೋಗುತ್ತಿತ್ತು. ಆ ಕಚೇರಿಯಲ್ಲಿ ಎಲ್ಲರೂ ಹಾಗೇ ಒತ್ತುತ್ತಿದ್ದರು. ಇವನು ಒತ್ತಿದ್ದು ಸಾಲದೆಂದು ಕೊಚ್ಚಿಕೊಂಡೂ ಇದ್ದ.

ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದ. ಕುರ್ಚಿಯಲ್ಲಿ ಮುಳ್ಳು ಮೊಳೆತಂತಾಗಿ ಎದ್ದ. ನೀರಿನ ಲೋಟ ಎತ್ತಿದ, ಕುಡಿಯದೆ ಇಟ್ಟ. ಕಿಟಕಿಯವರೆಗೆ ಹೋದ, ಬಂದ, ಮತ್ತೆ ಹೋದ. ಕೊನೆಗೆ ಐದನೇ ವಾರ್ಡಿನ ಔಷಧಿ ಅಂಗಡಿಗೆ ಫೋನು ಮಾಡಿದ. ಭೇದಿಗೆ ಕೊಡುವ ಓಆರ್‌ಎಸ್ ಪೊಟ್ಟಣ ತರಿಸಿದ ದಿನವೇ ಖಾಲಿಯಾಗುತ್ತಿವೆ, ಇದು ಒಂದು ತಿಂಗಳ ಕಥೆ, ನಿಮ್ಮ ಕಚೇರಿಗೆ ಈಗ ಬೆಳಗಾಯಿತೇ ಎಂದು ಅಂಗಡಿಯವನು ನಕ್ಕ.

ಹೊರಗೆ ಬಂದವನು ಹಳೇ ಚಾಳಿಯಂತೆ ಸುತ್ತಿ ಬಳಸಿ ಶುರುಮಾಡಿದ. ಅಕ್ಕನ ಓಣಿಯ ಶಿಶುವಿಹಾರವೇ ವಾಸಿ, ಅಲ್ಲಿನ ಟೀಚರು ಹಾಡಿದರೆ ಕೋಗಿಲೆ ರಾಜೀನಾಮೆ ಕೊಡುತ್ತದೆ, ಇವತ್ತೇ ಮಗುವನ್ನು ಕರೆತರುವುದು ಒಳ್ಳೆಯದು ಎಂದ. ಅಕ್ಕ ನಗಲಿಲ್ಲ. ಸುಳ್ಳು ಹೇಳುವಾಗ ಅವನ ಕೈ ತಾನಾಗಿ ಕಿವಿಗೆ ಹೋಗುವುದನ್ನು ಅವಳು ಚಿಕ್ಕಂದಿನಿಂದ ಬಲ್ಲಳು.

"ಕಿವಿ ಬಿಡು. ಈ ಸೊನ್ನೆ ಎಣಿಸಿದೋರು ಯಾರು?"

"ಯಾರೂ ಎಣಿಸಿಲ್ಲಕ್ಕ. ಎಣಿಸೋರಿಲ್ಲ ಅಂತಾನೇ ಸೊನ್ನೆ."

ಅವಳು ಬೈಯಲೂ ನಿಲ್ಲಲಿಲ್ಲ. ಚಪ್ಪಲಿ ಸಿಕ್ಕಿಸಿಕೊಂಡು ಶಿಶುವಿಹಾರದ ಕಡೆಗೆ ಓಡಿದಳು.

ಗುಮಾಸ್ತ ಒದ್ದೆ ಬಟ್ಟೆ ತಂದು ಸೊನ್ನೆ ಒರೆಸಿದ. "ಒಂಬತ್ತು ವಾರದಿಂದ ಎಣಿಸಿಲ್ಲ. ನೀರು ಕುದಿಸಿ ಕುಡಿಯಿರಿ" ಎಂದು ಬರೆದು ಕೆಳಗೆ ಸಹಿ ಹಾಕಿದ. ಹಲಗೆ ಇನ್ನೂ ಒದ್ದೆಯಿದ್ದು ಅಕ್ಷರಗಳು ಸೊಟ್ಟಗಾಗಿದ್ದವು. ನಿಜ ಹೇಳಬೇಕೆಂದರೆ ಆ ಸೊನ್ನೆಯೂ ಅಂಥ ದುಂಡಗೇನೂ ಇರಲಿಲ್ಲ. ನೊಣಗಳ ಕಾಲನ್ನಂತೂ ಯಾರೂ ನೋಡಿರಲಿಲ್ಲ.