ಏಳನೇ ಕಂಪ್ಯೂಟರಿನ ಸಾಲು

ದಸರೆಯ ಮರುದಿನ ಬೆಳಿಗ್ಗೆ ಮಧುಮತಿ ತನ್ನ ಕಂಪ್ಯೂಟರ್ ಹಚ್ಚಿದಾಗ ಡಿ ಡ್ರೈವಿನಲ್ಲಿ ಯಾರದೋ ಮದುವೆಯ ಫೋಟೋಗಳಿದ್ದವು. ಎಂಟು ತಿಂಗಳು ಕುಳಿತು ಬರೆದ ಸೀರೆಯ ದಡಿ, ಸೆರಗಿನ ಡಿಸೈನುಗಳು ಒಂದೂ ಇರಲಿಲ್ಲ.

"ಶೈಲಾ ಮೇಡಮ್, ಒಂದೀಟ ಬರ್ರಿ ಇಲ್ಲೆ" ಎಂದಳು.

ಬನಹಟ್ಟಿಯ ನಮ್ಮ ನೇಕಾರರ ಸಂಘದ ಡಿಸೈನ್ ಕೋಣೆಯಲ್ಲಿರುವುದು ಹನ್ನೆರಡು ಕಂಪ್ಯೂಟರು. ಅವುಗಳ ಉಸ್ತುವಾರಿ ನನ್ನದು. ಹಿಂದಿನ ದಿನ ರಜೆ ಇದ್ದಾಗ ಎಲ್ಲಕ್ಕೂ ಹೊಸ ವಿಂಡೋಸ್ ಹಾಕಿದ್ದೆ. ಒಂದೊಂದರ ಮುಂದೆ ಕುಳಿತು ಅದು ಕೇಳಿದ್ದಕ್ಕೆಲ್ಲ ಉತ್ತರಿಸುತ್ತ ಹೋದರೆ ಮೂರು ದಿನ ಹಿಡಿಯುತ್ತದೆ. ಅದಕ್ಕೇ ಉತ್ತರಗಳನ್ನೆಲ್ಲ ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟಿದ್ದೆ. ಜೊತೆಗೊಂದು ಪಟ್ಟಿ, ಪ್ರತಿ ಕಂಪ್ಯೂಟರಿಗೂ ಅದರದೇ ಸಾಲು: ಅದರ ಹೆಸರು, ಅದರ ಪ್ರಿಂಟರು, ಅದಕ್ಕೆ ಮಾತ್ರ ಬೇಕಾದದ್ದು. ಶುರು ಮಾಡುವಾಗ ನಂಬರ್ ಒತ್ತಿದರೆ ಸಾಕು, ಮುಂದಿನದೆಲ್ಲ ತಾನೇ ನಡೆಯುತ್ತದೆ. ಏಳನೇ ಸಾಲಿನಲ್ಲಿ ಮಾತ್ರ, ಡಿ ಡ್ರೈವ್ ಅಳಿಸಬಾರದು ಎಂದು ಬರೆದಿದ್ದೆ. ಏಳು ಮಧುಮತಿಯದು. ಉಳಿದವರ ಕೆಲಸವೆಲ್ಲ ಸರ್ವರಿನಲ್ಲಿತ್ತು, ಅವರ ಡ್ರೈವ್ ಅಳಿಸಿದರೂ ನಡೆಯುತ್ತಿತ್ತು. ಅವಳ ಫೈಲುಗಳು ಭಾರ, ಕಳಿಸುವಾಗ ನಡುವೆಯೇ ನಿಂತುಬಿಡುತ್ತಿದ್ದವು.

ಅವಳ ಕಂಪ್ಯೂಟರಿನ ಸಿಪಿಯು ಡಬ್ಬಿ ಸಿಕ್ಕಿದ್ದು ನಾಲ್ಕನೇ ಟೇಬಲ್ಲಿನ ಮೇಲೆ. ಮೈಮೇಲೆ ಆಯುಧಪೂಜೆಯ ವಿಭೂತಿ, ಕುಂಕುಮ. ಒಳಗೆ ಡಿ ಡ್ರೈವ್ ಖಾಲಿ.

ಕೋಣೆ ಗುಡಿಸುವ ಗುರುಬಸವ್ವ ಬಾಗಿಲಲ್ಲಿ ನಿಂತಿದ್ದಳು. "ಖಂಡೆ ಪೂಜಿ ದಿನ ಎಲ್ಲಾ ಕೆಳಗ ಇಳಿಸಿ ಟೇಬಲ್ ತೊಳದ್ನಿರಿ. ಎಲ್ಲಾ ಕರ್ರಗ ಒಂದs ನಮೂನಿ ಅದಾವು. ಯಾವುದು ಎಲ್ಲಿತ್ತೋ ನೆನಪ ಉಳೀಲಿಲ್ರಿ."

ಮ್ಯಾನೇಜರ್ ಗಿರಿಮಲ್ಲಪ್ಪನವರು ಸಿಟ್ಟಾದರು. "ಕೇಳಿ ಇಡಬೇಕಂತ ತಿಳೀಲಿಲ್ಲ ನಿನಗ? ಸೋಮವಾರದಿಂದ ಬರೂದ ಬ್ಯಾಡ."

ಗುರುಬಸವ್ವ ಸೆರಗು ಬಾಯಿಗೊತ್ತಿಕೊಂಡಳು. ನಾನು ಡಬ್ಬಿಯನ್ನು ನನ್ನ ಟೇಬಲ್ಲಿಗೆ ಎತ್ತಿಕೊಂಡು ಹೋದೆ.

ಪ್ರತಿ ಡಬ್ಬಿಯ ಹಿಂದೆಯೂ ಅದರ ನಂಬರ್ ಇದೆ. ಬರೆದವಳು ನಾನೇ. ಬಗ್ಗಿ ನೋಡಿದ್ದರೆ ಹನ್ನೆರಡಕ್ಕೂ ಸೇರಿ ಐದು ನಿಮಿಷ. ಹಾಗೆ ಮಾಡದೆ ಟೇಬಲ್ಲಿಗೆ ಅಂಟಿಸಿದ ನಂಬರ್ ನೋಡಿ ಒತ್ತುತ್ತ ಹೋದೆ; ನಾಲ್ಕನೇ ಟೇಬಲ್ಲಿನ ಮೇಲಿದ್ದ ಅವಳ ಡಬ್ಬಿಗೆ ನಾಲ್ಕನೇ ಸಾಲೇ ಬಿತ್ತು. ಹಬ್ಬದ ದಿನ ಮನೆ ತುಂಬ ನಾದಿನಿಯರು, ಅವರ ಮಕ್ಕಳು. ಆಫೀಸಿನಲ್ಲಿ ಕೆಲಸವಿದೆ ಎಂದು ಹೇಳಿ ಬಂದಿದ್ದೆ. ಹನ್ನೆರಡೂ ಶುರುವಾದ ಮೇಲೆ ಕಾಲು ಚಾಚಿ ಕುಳಿತು ಥರ್ಮಾಸಿನ ಚಹಾ ಕುಡಿದೆ. ಯಾರೂ ಏನೂ ಕೇಳದ ಒಂದು ತಾಸು. ಎಷ್ಟು ವರ್ಷಗಳ ಮೇಲೆ ಸಿಕ್ಕಿತ್ತೋ. ಆ ತಾಸು ಬೇಗ ಶುರುವಾಗಲಿ ಎಂದೇ ಬಗ್ಗಿರಲಿಲ್ಲ.

ಮಧ್ಯಾಹ್ನದವರೆಗೆ ಅಳಿದದ್ದನ್ನು ಮರಳಿ ತೆಗೆಯಲು ನೋಡಿದೆ. ಫೈಲುಗಳ ಹೆಸರು ಬಂದವು. ತೆರೆದರೆ ಒಳಗೇನೂ ಇರಲಿಲ್ಲ. ಅಷ್ಟರಲ್ಲಿ ಗುರುಬಸವ್ವ ಎರಡು ಸಲ ಬಂದು ಮಧುಮತಿಯ ಕಾಲು ಹಿಡಿದಳು. "ಏಳಬೇ, ನಿನಗೇನ ಗೊತ್ತಿತ್ತು" ಎಂದು ಮಧುಮತಿ ಎಬ್ಬಿಸುತ್ತಿದ್ದಳು. ನಾನು ಪರದೆಯಿಂದ ಕಣ್ಣೆತ್ತಲಿಲ್ಲ.

ಮೂರು ಗಂಟೆಗೆ ಗಿರಿಮಲ್ಲಪ್ಪನವರು ಕರೆದರು. "ಸ್ವಚ್ಛ ಮಾಡೂ ಮುಂದ ಅದಲಬದಲ ಆತು ಅಂತ ಬರದ ಕೊಡ್ರಿ ಮೇಡಮ್. ಮೀಟಿಂಗಿನ್ಯಾಗ ತೋರಸ್ತೇನಿ."

ಕಾಗದ ಮುಂದಿಟ್ಟುಕೊಂಡೆ. ಪೆನ್ನು ಕೆಳಗಿಟ್ಟೆ.

"ಅದಲಬದಲ ಆಗಿದ್ದು ಖರೇ ರೀ. ಆದ್ರ ಹಿಂದ ನಂಬರ ಅದಾವು. ನಾ ನೋಡಲಿಲ್ಲ."

"ಯಾಕ ನೋಡಲಿಲ್ಲ?"

"ಅವಸರ ಇತ್ರಿ."

ಅವಸರವಿರಲಿಲ್ಲ. ಚಹಾ ಕುಡಿದ ಆ ಒಂದು ತಾಸಿನ ಮಾತು ಎತ್ತಲಿಲ್ಲ.

"ಹಂಗ ಬರದ್ರ ನಿಮ್ಮ ಬಡ್ತಿ ನಿಂದರತೈತಿ. ಆಕಿಗೇನ್ರಿ, ಇಲ್ಲೆ ಇಲ್ಲದಿದ್ರ ಇನ್ನೊಂದ ಕಡೆ ಕಸಬರಗಿ ಸಿಗತೈತಿ."

"ಆಕಿನ್ನ ಬಿಡಸಬ್ಯಾಡ್ರಿ" ಎಂದೆ. ತಪ್ಪನ್ನು ನನ್ನ ಹೆಸರಿನಲ್ಲೇ ಬರೆದೆ, ಸಹಿ ಮಾಡಿದೆ. ಅವರು ಓದಿ, ತಲೆ ಕೆರೆದುಕೊಂಡು ಫೈಲಿಗೆ ಸೇರಿಸಿದರು.

ಹೊರಗೆ ಬಂದು ಮಧುಮತಿಗೆ ಹೇಳಿದೆ. "ಯಾರ ಹೆಸರ ಬರದ್ರೇನ್ರಿ ಮೇಡಮ್, ನನ್ನ ಡಿಸೈನ್ ಬರ್ತಾವೇನು?" ಎಂದು ಡಿಸೈನ್ ಬರೆಯುವ ಚೌಕಳಿ ಕಾಗದ ಎಳೆದುಕೊಂಡಳು.

ಗುರುಬಸವ್ವ ಕೇಳಿಸಿಕೊಂಡಿದ್ದಳು. ಹತ್ತಿರ ಬಂದಳು. ಕಣ್ಣು ಊದಿದ್ದವು.

"ಬಾಯಾರ, ಇದು ನಿಮಗ ಮುಂಜಾನೆನs ಗೊತ್ತಿತ್ತಾ?"

"ಗೊತ್ತಿತ್ತು."

"ನಾ ಆಕಿ ಕಾಲ ಹಿಡಿಯೂ ಮುಂದ?"

"ಹೂಂ."

ಅವಳು ಕಸಬರಿಗೆ ತೆಗೆದುಕೊಂಡಳು. ದಿನವೂ ನನ್ನ ಹತ್ತಿರ ಬಂದಾಗ "ಕಾಲ ಎತ್ರಿ ಬಾಯಾರ" ಎನ್ನುವವಳು, ಆ ದಿನ ನನ್ನ ಕುರ್ಚಿಯ ಸುತ್ತ ಬಿಟ್ಟು ಉಳಿದ ಕೋಣೆಯನ್ನೆಲ್ಲ ಗುಡಿಸಿದಳು.